ಮದ್ದೂರಿನಲ್ಲಿ ಕೂತು ಅಮೆರಿಕದ ಕತೆ ಬರೆಯುವವಳಿಗೆ

ಮಂಡ್ಯ

ಪ್ರೀತಿಯ ಮಗಳೇ,

ಮದ್ದೂರಿನಲ್ಲೇ ಇದ್ದುಕೊಂಡು ಅಮೆರಿಕದ ಒಂದು ಮನೆಯ ಕತೆ ಬರೆಯಬಹುದೇ ಎಂದು ಕೇಳಿದ್ದೀಯ. ಧಾರಾಳವಾಗಿ ಬರೆ. ಆದರೆ ಆ ಮನೆಯನ್ನು ನೋಡುತ್ತಿರುವ ಕಣ್ಣು ಯಾರದು ಎಂಬುದನ್ನು ಮೊದಲು ತೀರ್ಮಾನಿಸಿಕೋ.

ಅಲ್ಲಿನ ಬಹುಪಾಲು ರಾಜ್ಯಗಳಲ್ಲಿ ಅಂಗಡಿಯ ಚೀಟಿಯ ಮೇಲಿರುವ ಬೆಲೆಗೆ ಮಾರಾಟ ತೆರಿಗೆ ಸೇರಿರುವುದಿಲ್ಲ. ಬಿಲ್ ಹಾಕುವಾಗ ಸೇರುತ್ತದೆ. ಮಳವಳ್ಳಿಯಿಂದ ಹೋದ ಹುಡುಗ ಎಣಿಸಿಟ್ಟುಕೊಂಡ ಡಾಲರು ಸಾಲದೆ ಗಲಿಬಿಲಿಗೊಳ್ಳುತ್ತಾನೆ. ಅಲ್ಲೇ ಹುಟ್ಟಿ ಬೆಳೆದವಳಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ನಿನ್ನ ಕತೆಯಲ್ಲಿ ಅಮೆರಿಕದ ಅಜ್ಜಿಯೊಬ್ಬಳು ಇದನ್ನು ಬಿಡಿಸಿ ಹೇಳತೊಡಗಿದರೆ ಓದುಗ ಅವಳನ್ನು ನಂಬುವುದಿಲ್ಲ. ಊರವರಿಗೆ ಗೊತ್ತಿರುವುದನ್ನು ಊರವರ ಬಾಯಲ್ಲಿ ವಿವರಿಸಬೇಡ. ಅಚ್ಚರಿ ಹೊಸಬನಿಗೆ ಮಾತ್ರ ಇರಲಿ.

'ಅಮೆರಿಕದಲ್ಲಿ ಹೀಗೆ' ಎಂದೂ ಬರೆಯಬೇಡ. ಆರೆಗಾನ್ ರಾಜ್ಯದಲ್ಲಿ ಮಾರಾಟ ತೆರಿಗೆಯೇ ಇಲ್ಲ. ದೇಶದ ಬಹುಭಾಗ ಮಾರ್ಚ್ ತಿಂಗಳಲ್ಲಿ ಗಡಿಯಾರ ಒಂದು ಗಂಟೆ ಮುಂದಿಟ್ಟರೆ, ಅರಿಜೋನಾದ ಹೆಚ್ಚಿನ ಊರುಗಳು ಇಡುವುದಿಲ್ಲ. ಒಂದು ಊರು ಹಿಡಿ, ಒಂದು ತಿಂಗಳು ಹಿಡಿ.

ನಮ್ಮ ಹಿರಿಯರನ್ನು ನೋಡು. 'ಅಮೆರಿಕದಲ್ಲಿ ಗೊರೂರು' ಪುಸ್ತಕದಲ್ಲಿ ಗೊರೂರು ರಾಮಸ್ವಾಮಿ ಅಯ್ಯಂಗಾರರು ತಾವು ಹೊರಗಿನಿಂದ ಬಂದವರೆಂಬುದನ್ನು ಹೆಸರಿನಲ್ಲೇ ಸಾರಿದರು. ಅದಕ್ಕೆ 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮಿನೆಸೋಟದಲ್ಲಿ ವೈದ್ಯರಾಗಿರುವ ಗುರುಪ್ರಸಾದ್ ಕಾಗಿನೆಲೆ 'ಹಿಜಾಬ್' ಕಾದಂಬರಿಗೆ ತಮಗೆ ಗೊತ್ತಿದ್ದ ಆಸ್ಪತ್ರೆಯ ಲೋಕವನ್ನೇ ಆರಿಸಿಕೊಂಡರು. ಒಬ್ಬರು ಅತಿಥಿ, ಇನ್ನೊಬ್ಬರು ಅಲ್ಲಿ ದುಡಿಯುವವರು. ಇಬ್ಬರೂ ತಾವು ನಿಂತ ಜಾಗ ಬಿಟ್ಟುಕೊಡಲಿಲ್ಲ.

ನಮ್ಮ ಜಿಲ್ಲೆಯ ಬಗ್ಗೆ ಯಾರೋ ವಡೆ, ಬೆಲ್ಲ, ಹಸಿರು ಗದ್ದೆ ಎಂದಷ್ಟೇ ಬರೆದರೆ ನಿನಗೆ ಸಪ್ಪೆ ಎನಿಸುವುದಿಲ್ಲವೇ? ಕನ್ನಂಬಾಡಿಯಿಂದ ನಾಲೆಗೆ ನೀರು ಯಾವಾಗ ಬಿಡುತ್ತಾರೆ, ಕಬ್ಬು ಕಡಿಯಲು ಕಾರ್ಖಾನೆಯವರು ತಡಮಾಡಿದರೆ ತೂಕ ಎಷ್ಟು ಇಳಿದೀತು ಎಂಬ ಚಿಂತೆ ಬಂದಾಗಲೇ ಮಂಡ್ಯ ಉಸಿರಾಡುತ್ತದೆ. ಅಮೆರಿಕದ ಮನೆಗೂ ಅಂಥ ಚಿಂತೆಗಳಿವೆ. ಅಲ್ಲಿ ಎಷ್ಟೋ ಮನೆಗಳ ಆರೋಗ್ಯ ವಿಮೆ ಕೆಲಸಕ್ಕೆ ಅಂಟಿಕೊಂಡಿದೆ. ಅಪ್ಪನ ಕೆಲಸ ಹೋದರೆ ಮಗುವಿನ ಔಷಧಿಯ ಪ್ರಶ್ನೆ ಏಳುತ್ತದೆ. ಕತೆಯನ್ನು ಅಲ್ಲಿ ಹುಡುಕು, ಗಗನಚುಂಬಿಗಳಲ್ಲಲ್ಲ.

ಇದನ್ನೆಲ್ಲ ಯಾರನ್ನು ಕೇಳಲಿ ಎನ್ನಬೇಡ. ಮಗಳ ಬಾಣಂತನಕ್ಕೆಂದು ಹೋಗಿ ತಿಂಗಳುಗಟ್ಟಲೆ ಇದ್ದು ಬಂದ ತಾಯಂದಿರು ನಿನ್ನ ಸುತ್ತಲೇ ಇದ್ದಾರೆ. ನಯಾಗರ ಹೇಗಿತ್ತೆಂದು ಅವರನ್ನು ಕೇಳಬೇಡ. ಒಗ್ಗರಣೆ ಹಾಕಿದಾಗ ಹೊಗೆಯ ಅಲಾರಂ ಕೂಗಿಕೊಂಡಿತೇ, ಕಸದ ಡಬ್ಬಿ ಯಾವ ದಿನ ಹೊರಗಿಡಬೇಕಿತ್ತು, ಹಿಮ ಬಿದ್ದಾಗ ಬಾಗಿಲ ಮುಂದಿನ ದಾರಿ ತೆಗೆದವರು ಯಾರು, ಯಾವ ಬಿಲ್ ಬಂದಾಗ ಅಳಿಯ ಮಾತು ನಿಲ್ಲಿಸಿದ ಎಂದು ಕೇಳು. ಅಡುಗೆಮನೆಯನ್ನು ಒಳಗಿನಿಂದ ಕಂಡವರು ಅವರು. ಯಾರೂ ಅವರ ಮಾತನ್ನು ಸಾಹಿತ್ಯಕ್ಕೆಂದು ಕೇಳಿಸಿಕೊಂಡಿಲ್ಲ. ನೀನು ಕೇಳಿಸಿಕೊ.

ಬರೆದು ಮುಗಿಸಿದ ಮೇಲೆ ಅಲ್ಲಿರುವ ಒಬ್ಬರಿಗೆ ಕಳಿಸು. ಚೆನ್ನಾಗಿದೆಯೇ ಎನ್ನಬೇಡ. ಯಾವ ಸಾಲಿನಲ್ಲಿ ನಂಬಿಕೆ ತಪ್ಪಿತು ಎಂದು ಕೇಳು, ಆ ಸಾಲಿನಿಂದ ಮತ್ತೆ ಬರೆ.

ನಿನ್ನ ಹಿತ ಬಯಸುವ,
ಹಿರಿಯ ಓದುಗ