ಮೂರ್ಛೆರೋಗದ ನಿದಾನವೂ ಕಂಡವರ ಸಾಕ್ಷಿಯೂ



ಜ್ವರ ಎಂಬ ಹೆಸರು ಒಂದೇ ಆದರೂ ಅದರ ಕಾರಣಗಳು ಅನೇಕವೆಂದು ನಾವೆಲ್ಲರೂ ಬಲ್ಲೆವು. ಚಳಿಜ್ವರಕ್ಕೆ ಕೊಡತಕ್ಕ ಔಷಧವನ್ನು ವಿಷಮಶೀತಜ್ವರಕ್ಕೆ ಕೊಟ್ಟರೆ ರೋಗಿಗೆ ಗುಣವಾಗುವದಿಲ್ಲ. ಮೂರ್ಛೆಯ ಸಂಗತಿಯೂ ಹಾಗೆಯೇ ಇದೆ. ಒಬ್ಬನು ಫಕ್ಕನೆ ನೆಲಕ್ಕೆ ಬಿದ್ದು ಕೈಕಾಲು ಬಡಿದರೆ ಕೆಲವರು ಅದನ್ನು ಫಿಟ್ಸು ಅನ್ನುತ್ತಾರೆ, ಕೆಲವರು ಮಲರೋಗವೆನ್ನುತ್ತಾರೆ, ಇನ್ನು ಕೆಲವರು ಗಾಳಿ ಸೋಕಿತೆನ್ನುತ್ತಾರೆ. ಹೆಸರು ಯಾವದೇ ಇರಲಿ, ಆತನು ಬಿದ್ದದ್ದು ಯಾತರಿಂದ ಎಂಬದನ್ನು ಗೊತ್ತುಮಾಡದೆ ಚಿಕಿತ್ಸೆಗೆ ತೊಡಗುವದು ಕತ್ತಲೆಯಲ್ಲಿ ಕಲ್ಲೆಸೆದ ಹಾಗೆಯೇ ಸರಿ. ಹೀಗೆ ಕಾರಣವನ್ನು ಗೊತ್ತುಮಾಡುವದಕ್ಕೆ ನಿದಾನವೆಂದು ಹೆಸರು. ಈ ನಿದಾನಕ್ಕೆ ದೊಡ್ಡ ಯಂತ್ರಗಳೇ ಬೇಕೆಂದು ಅನೇಕರು ಎಣಿಸುತ್ತಾರೆ. ಆದರೆ ಮೊದಲು ಬೇಕಾದದ್ದು ಮನೆಯಲ್ಲಿ ಅದನ್ನು ಕಂಡವರ ಸತ್ಯವಾದ ಮಾತು. ಈ ಪಾಠದಲ್ಲಿ ನಾವು ಮುಖ್ಯವಾಗಿ ಕಲಿಯತಕ್ಕದ್ದು ಇದನ್ನೇ.

೧. ರೋಗದ ನೆಲೆ ಯಾವದು?

ಸುಮಾರು ೨೪೦೦ ವರುಷಗಳ ಹಿಂದೆಯೇ ಗ್ರೀಕ್ ವೈದ್ಯನಾದ ಹಿಪ್ಪೊಕ್ರಾತನ ಪಂಥದವರು, ಈ ರೋಗವು ದೇವತೆಗಳಿಂದ ಬಂದದ್ದಲ್ಲ, ಬೇರೆ ರೋಗಗಳಂತೆ ಇದಕ್ಕೂ ಕಾರಣವುಂಟು, ಅದರ ನೆಲೆ ಮಿದುಳು ಎಂದು ಬರೆದಿಟ್ಟರು. ೧೮೭೩ರಲ್ಲಿ ಲಂಡನಿನ ಹ್ಯೂಲಿಂಗ್ಸ್ ಜಾಕ್ಸನ್ ಎಂಬ ವೈದ್ಯನು ಇನ್ನೂ ಸ್ಪಷ್ಟವಾಗಿ, ಮಿದುಳಿನ ಬೂದುಬಣ್ಣದ ಭಾಗದಲ್ಲಿ ಆಗಾಗ್ಗೆ ಫಕ್ಕನೆ ಮಿತಿಮೀರಿ ಉಂಟಾಗುವ ಶಕ್ತಿಯ ಸ್ಫೋಟವೇ ಮೂರ್ಛೆರೋಗವೆಂದು ತಿಳಿಸಿದನು. ೧೯೨೪ರಲ್ಲಿ ಜರ್ಮನ್ ದೇಶದ ಯೇನಾ ಪಟ್ಟಣದಲ್ಲಿ ಮನೋವೈದ್ಯನಾದ ಹಾನ್ಸ್ ಬೆರ್ಗರನು ಮನುಷ್ಯನ ಮಿದುಳಿನ ಸೂಕ್ಷ್ಮವಾದ ವಿದ್ಯುತ್ತನ್ನು ಗೆರೆಗಳಾಗಿ ಬರೆಯಿಸಿ ೧೯೨೯ರಲ್ಲಿ ಅದನ್ನು ಪ್ರಕಟಿಸಿದನು. ಈಗ ಆಸ್ಪತ್ರೆಗಳಲ್ಲಿ ಇ.ಇ.ಜಿ. ಎಂದು ಕರೆಯುವದು ಇದನ್ನೇ.

ಆದರೆ ಈ ಯಂತ್ರಕ್ಕೂ ಒಂದು ಮಿತಿ ಇದೆ. ರೋಗಿಯು ಡಾಕ್ಟರರ ಮುಂದೆ ಕೂತಿರುವಾಗ ಮೂರ್ಛೆ ಬರುವದು ಅಪರೂಪ. ಎರಡು ಮೂರ್ಛೆಗಳ ನಡುವಣ ಸಮಯದಲ್ಲಿ ತೆಗೆದ ಗೆರೆಗಳು ಆರೋಗ್ಯವಂತನ ಗೆರೆಗಳಂತೆಯೇ ಕಾಣಬಹುದು. ಆದಕಾರಣ ಗೆರೆಗಳು ಸರಿಯಾಗಿವೆ ಎಂದ ಮಾತ್ರಕ್ಕೆ ರೋಗವಿಲ್ಲವೆಂದು ಹೇಳಕೂಡದು. ಮೂರ್ಛೆ ಬಂದವನಿಗಾದರೋ ಆ ಗಳಿಗೆಯ ನೆನಪು ಬಹಳ ಸಾರಿ ಇರುವದೇ ಇಲ್ಲ. ಹಾಗಾದರೆ ಸಾಕ್ಷಿ ಯಾರು? ಕಂಡ ತಾಯಿ, ಹೆಂಡತಿ, ಅಣ್ಣ, ನೆರೆಯವನು.

೨. ನೋಡುವದಕ್ಕೆ ಒಂದೇ, ನಿಜವಾಗಿ ಬೇರೆ ಬೇರೆ

ಬಿಸಿಲಲ್ಲಿ ಬಹಳ ಹೊತ್ತು ನಿಂತವನು, ಉಪವಾಸವಿದ್ದವನು, ರಕ್ತವನ್ನು ನೋಡಿ ಹೆದರಿದವನು ಬೆವತು, ಮುಖ ಬಿಳಿಚಿ, ಕಣ್ಣು ಕತ್ತಲೆಗಟ್ಟಿ ಮೆಲ್ಲಗೆ ಕುಸಿಯುತ್ತಾನೆ. ಒಂದೆರಡು ಸಾರಿ ಕೈಕಾಲು ಅದುರಿದರೂ ಬೇಗನೆ ಎಚ್ಚತ್ತು ಸರಿಯಾಗಿ ಮಾತಾಡುತ್ತಾನೆ. ಇದು ಮಿದುಳಿಗೆ ರಕ್ತವು ಕ್ಷಣಕಾಲ ಕಡಿಮೆಯಾದದ್ದರಿಂದ ಬಂದ ತಲೆಸುತ್ತೇ ಹೊರತು ಮೂರ್ಛೆರೋಗವಲ್ಲ.

ಮನಸ್ಸಿನ ಭಾರವು ಶರೀರದಲ್ಲಿ ತೋರಿ ಬೀಳುವವರೂ ಉಂಟು. ಇವರ ಕಣ್ಣು ಸಾಮಾನ್ಯವಾಗಿ ಮುಚ್ಚಿರುತ್ತದೆ. ಅದುರುವಿಕೆಯು ಹೆಚ್ಚುತ್ತಾ ತಗ್ಗುತ್ತಾ ಬಹಳ ಹೊತ್ತು ನಡೆಯುತ್ತದೆ. ಇದನ್ನು ನಟನೆ ಎಂದು ಬೈಯುವದು ಅನ್ಯಾಯ, ಯಾಕಂದರೆ ಅವರು ಬೇಕೆಂದು ಹಾಗೆ ಮಾಡುವದಿಲ್ಲ. ಅವರಿಗೆ ಬೇಕಾದದ್ದು ಮೂರ್ಛೆಯ ಮಾತ್ರೆಯಲ್ಲ, ತಾಳ್ಮೆಯಿಂದ ಮಾತಾಡಿ ದುಃಖದ ಬೇರನ್ನು ಹುಡುಕುವ ಮನೋವೈದ್ಯನ ಸಹಾಯ.

ಇದಕ್ಕೆ ಪ್ರತಿಯಾಗಿ ನಿಜವಾದ ಮೂರ್ಛೆರೋಗವು ಬೀಳದೆಯೂ ಬರಬಹುದು. ಪಾಠ ನಡೆಯುತ್ತಿರುವಾಗ ಹುಡುಗಿಯೊಬ್ಬಳು ಕೆಲವು ಸೆಕೆಂಡು ಶೂನ್ಯವನ್ನು ದಿಟ್ಟಿಸಿ, ಕರೆದರೆ ಓಗೊಡದೆ, ತಿರಿಗಿ ಬರೆಯತೊಡಗುತ್ತಾಳೆ. ದಿನಕ್ಕೆ ಹಲವು ಸಾರಿ ಹೀಗಾದರೆ ಉಪಾಧ್ಯಾಯರು ಅವಳನ್ನು ಸೋಮಾರಿ ಎಂದು ದಂಡಿಸುವದುಂಟು. ಇನ್ನೊಬ್ಬನಿಗೆ ಇಲ್ಲದ ವಾಸನೆ ಬಂದು, ಕಾರಣವಿಲ್ಲದ ಭಯ ಹುಟ್ಟಿ, ಅವನು ತುಟಿ ಚಪ್ಪರಿಸುತ್ತಾ ಬಟ್ಟೆಯನ್ನು ಎಳೆದಾಡುತ್ತಾನೆ. ಜನರು ಅವನನ್ನು ಹುಚ್ಚನೆಂದೋ ದೆವ್ವ ಹಿಡಿದವನೆಂದೋ ತಿಳಿದು ಕಟ್ಟಿಹಾಕುತ್ತಾರೆ. ಇವರಿಬ್ಬರಿಗೂ ಇರುವದು ಮೂರ್ಛೆರೋಗವೇ ಆಗಿರಬಹುದು. ಅದರ ಬಗೆಯನ್ನೂ ಸರಿಯಾಗಿ ತಿಳಿಯಬೇಕು. ಒಂದು ಬಗೆಗೆ ಹಿತವಾದ ಮಾತ್ರೆಯು ಇನ್ನೊಂದು ಬಗೆಯನ್ನು ಹೆಚ್ಚಿಸುವದೂ ಉಂಟು.

೩. ನಮ್ಮ ಸೀಮೆಯ ಬಿಸಿನೀರಿನ ಮೂರ್ಛೆ

ಮನೆಯವರ ಮಾತಿನಿಂದ ನಿದಾನವು ಹೇಗೆ ತಿಳಿಯುವದೆಂಬದಕ್ಕೆ ಕನ್ನಡನಾಡಿನಲ್ಲೇ ಒಳ್ಳೆಯ ದೃಷ್ಟಾಂತವಿದೆ. ವಾರಕ್ಕೋ ಹದಿನೈದು ದಿನಕ್ಕೋ ಒಂದಾವರ್ತಿ ಹಂಡೆಯ ಬಿಸಿನೀರನ್ನು ಚೊಂಬಿನಿಂದ ತಲೆಯ ಮೇಲೆ ಬೇಗ ಬೇಗ ಸುರಿದುಕೊಳ್ಳುವದು ನಮ್ಮಲ್ಲಿ ವಾಡಿಕೆ. ಕೆಲವರಿಗೆ ಹೀಗೆ ಸುರಿಯುವಾಗಲೇ ಕಣ್ಣು ನೆಟ್ಟು, ಮಾತು ತೊದಲಿ, ಎಚ್ಚರ ತಪ್ಪುತ್ತದೆ. ಬೇರೆ ದಿನಗಳಲ್ಲಿ ಅವರು ಆರೋಗ್ಯವಾಗಿಯೇ ಇರಬಹುದು. ೧೯೭೦ರ ದಶಕದಲ್ಲಿ ಬೆಂಗಳೂರಿನ ಡಾಕ್ಟರ್ ಕೆ. ಎಸ್. ಮಣಿಯವರು ಇಂಥವರನ್ನು ಕುರಿತು ಬರೆದರು. ೧೯೮೮ರಲ್ಲಿ ನಿಮ್ಹಾನ್ಸ್ ಆಸ್ಪತ್ರೆಯ ಡಾಕ್ಟರ್ ಸತೀಶ್ಚಂದ್ರರೂ ಅವರ ಸಂಗಡಿಗರೂ ೨೭೯ ಮಂದಿ ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು.

ಈ ರೋಗವನ್ನು ಕಂಡುಹಿಡಿಯುವದಕ್ಕೆ, ಬರುವಾಗ ಅವನು ಏನು ಮಾಡುತ್ತಿದ್ದನು ಎಂಬ ಒಂದು ಪ್ರಶ್ನೆಗೆ ಬರುವ ಉತ್ತರವೇ ಮುಖ್ಯವಾದದ್ದು. ಬಚ್ಚಲಲ್ಲಿ ಎಂದು ಮನೆಯವರು ಹೇಳದೆ ಹೋದರೆ ಡಾಕ್ಟರರು ಊಹಿಸುವದು ಕಷ್ಟ. ಹೇಳಿದರೆ ದಾರಿ ಸುಲಭವಾಗುತ್ತದೆ. ನೀರಿನ ಬಿಸಿಯನ್ನು ತಗ್ಗಿಸಿ ಉಗುರುಬೆಚ್ಚಗೆ ಮಾಡಿಕೊಳ್ಳುವದರಿಂದಲೇ ಅನೇಕರಿಗೆ ಗುಣ ತೋರುವದು. ಕೆಲವರಿಗೆ ತಲೆಸ್ನಾನಕ್ಕೆ ಮುಂಚೆ ಒಂದು ಮಾತ್ರೆಯನ್ನು ಕೊಡುತ್ತಾರೆ. ಬೇರೆ ವೇಳೆಯಲ್ಲಿಯೂ ಮೂರ್ಛೆ ಬರುವವರಿಗೆ ಮಾತ್ರ ದಿನಾಲು ಔಷಧ ಬೇಕಾಗುವದು.

೪. ವೆಲ್ಲೂರಿನಿಂದ ಕಲಿತ ಪಾಠ

ಮೂರ್ಛೆರೋಗವೇ ಎಂದು ಗೊತ್ತಾದ ಮೇಲೆ, ಮಿದುಳಿನಲ್ಲಿ ಅದಕ್ಕೆ ಏನು ಕಾರಣವೆಂದು ನೋಡುವದು ಎರಡನೆಯ ಕೆಲಸ. ಇದಕ್ಕೆ ಯಂತ್ರ ಬೇಕು. ೧೯೭೧ರಲ್ಲಿ ಲಂಡನಿನಲ್ಲಿ ಮೊದಲನೆಯ ಸಾರಿ ರೋಗಿಯೊಬ್ಬಳ ತಲೆಯನ್ನು ಸಿ.ಟಿ. ಸ್ಕ್ಯಾನ್ ಯಂತ್ರದಿಂದ ನೋಡಿದರು. ಆ ಯಂತ್ರವು ನಮ್ಮ ದೇಶಕ್ಕೆ ಬಂದ ಮೇಲೆ ಮೂರ್ಛೆರೋಗವುಳ್ಳ ಅನೇಕರ ಮಿದುಳಿನಲ್ಲಿ ಒಂದೊಂದು ಚಿಕ್ಕ ಗಂಟು ಕಾಣಬಂತು. ಕ್ಷಯರೋಗವು ಇಲ್ಲಿ ಹೆಚ್ಚಾದದ್ದರಿಂದ ಇದು ಕ್ಷಯದ ಗಂಟೆಂದೇ ಎಣಿಸಿ ಎಷ್ಟೋ ಮಂದಿಗೆ ತಿಂಗಳುಗಟ್ಟಲೆ ಕ್ಷಯದ ಔಷಧ ಕೊಟ್ಟರು. ಗಂಟು ಕರಗಿದಾಗ ಔಷಧದಿಂದಲೇ ಕರಗಿತೆಂದು ನಂಬಿದರು.

ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನ ವೈದ್ಯರು ಅಷ್ಟಕ್ಕೆ ತೃಪ್ತರಾಗಲಿಲ್ಲ. ಅವರು ಇಂಥ ಗಂಟುಗಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಅವುಗಳಲ್ಲಿ ಹೆಚ್ಚಿನವು ಕ್ಷಯವಲ್ಲ, ಲಾಡಿಹುಳುವಿನ ಮರಿ ಸತ್ತು ಉಂಟಾದ ಗಂಟುಗಳೆಂದು ಕಂಡರು. ೧೯೮೯ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಪತ್ರಿಕೆಯಲ್ಲಿ ಇದನ್ನು ತಿಳಿಸಿದರು. ೧೯೯೩ರಲ್ಲಿ ತಲೆಯನ್ನು ತೆರೆಯದೆಯೇ ಎರಡನ್ನೂ ಬೇರ್ಪಡಿಸುವ ಗುರುತುಗಳನ್ನು ಕೊಟ್ಟರು: ಗಂಟು ೨೦ ಮಿಲಿಮೀಟರಿಗಿಂತ ಚಿಕ್ಕದೋ, ತಲೆಯೊಳಗಿನ ಒತ್ತಡ ಹೆಚ್ಚಿದ ಲಕ್ಷಣಗಳುಂಟೋ, ಕೈಕಾಲಿನ ಬಲವು ದಿನೇದಿನೇ ಕುಗ್ಗುತ್ತದೋ ಎಂಬಿವೇ ಮೊದಲಾದವು. ನೋಡಿರಿ, ಇವುಗಳಲ್ಲಿ ಕೆಲವನ್ನು ಯಂತ್ರವು ತೋರಿಸಿದರೂ, ತಲೆನೋವು, ವಾಂತಿ, ಬಲಹೀನತೆಗಳ ವಿಷಯವನ್ನು ಮನೆಯವರೇ ಹೇಳಬೇಕು.

ಈ ಹುಳುವಿನ ಮೊಟ್ಟೆಗಳು ಹುಳುವುಳ್ಳ ಮನುಷ್ಯನ ಮಲದಿಂದ ಕೈಗೂ ನೀರಿಗೂ ಕಾಯಿಪಲ್ಲೆಗೂ ತಗಲಿ ಬಾಯಿಗೆ ಸೇರುತ್ತವೆ. ಆದದರಿಂದ ಹಂದಿಮಾಂಸ ತಿನ್ನದವರಿಗೂ ಇದು ಬರಬಹುದು. ಪಾಯಿಖಾನೆಯ ಉಪಯೋಗ, ಕೈತೊಳೆಯುವದು, ಸೊಪ್ಪನ್ನು ಚೆನ್ನಾಗಿ ತೊಳೆಯುವದು, ಮಾಂಸವನ್ನು ಪೂರ್ತಿಯಾಗಿ ಬೇಯಿಸುವದು, ಇವೇ ಅದಕ್ಕೆ ತಡೆ.

೫. ಕಂಡವರು ಮಾಡತಕ್ಕದ್ದು

ಮೂರ್ಛೆ ಬಂದವನನ್ನು ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿರಿ; ಕೊರಳಿನ ಗುಂಡಿಯನ್ನು ಸಡಿಲಿಸಿರಿ. ಬಾಯೊಳಗೆ ಚಮಚವನ್ನಾಗಲಿ ನೀರನ್ನಾಗಲಿ ಹಾಕಬೇಡಿರಿ. ಕೈಗೆ ಬೀಗದ ಕೈ ಕೊಡುವದರಿಂದಲೂ ಮೂಗಿಗೆ ಈರುಳ್ಳಿ ಹಿಡಿಯುವದರಿಂದಲೂ ಪ್ರಯೋಜನವಿಲ್ಲ. ೫ ನಿಮಿಷಕ್ಕೆ ನಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ಆ ಮೇಲೆ ಈ ಸಂಗತಿಗಳನ್ನು ಒಂದು ಕಾಗದದಲ್ಲಿ ಬರೆದಿಡಿರಿ. ಬರುವ ಮುಂಚೆ ಆತನು ಏನು ಮಾಡುತ್ತಿದ್ದನು? ನಿದ್ರೆಗೆಟ್ಟಿದ್ದನೋ? ಮೊದಲು ಯಾವ ಅಂಗವು ಅದುರಿತು, ತಲೆಯು ಯಾವ ಕಡೆಗೆ ತಿರುಗಿತು? ಕಣ್ಣು ತೆರೆದಿತ್ತೋ ಮುಚ್ಚಿತ್ತೋ? ನಾಲಿಗೆ ಕಚ್ಚಿತೋ, ಮೂತ್ರ ಹೋಯಿತೋ? ಗಡಿಯಾರದಂತೆ ಎಷ್ಟು ನಿಮಿಷವಾಯಿತು? ಎಚ್ಚತ್ತ ಮೇಲೆ ಗಲಿಬಿಲಿ, ನಿದ್ರೆ, ಕೈಕಾಲಿನ ಬಲಹೀನತೆ ಇದ್ದವೋ? ಚಿಕ್ಕಂದಿನಲ್ಲಿ ತಲೆಗೆ ಪೆಟ್ಟು ಬಿದ್ದಿತ್ತೋ? ಹತ್ತಿರ ಇನ್ನೊಬ್ಬರಿದ್ದರೆ ಮೊಬೈಲ್ ಫೋನಿನಲ್ಲಿ ಅದರ ಚಿತ್ರವನ್ನು ಹಿಡಿದು ಡಾಕ್ಟರರಿಗೆ ಮಾತ್ರ ತೋರಿಸಿರಿ, ಊರಿನವರಿಗೆ ಹಂಚಬೇಡಿರಿ.

ಕಡೆಯದಾಗಿ, ಏನನ್ನೂ ಮರೆಮಾಡಬೇಡಿರಿ. ಮಗಳ ಮದುವೆಗೆ ಅಡ್ಡಿಯಾದೀತೆಂಬ ಅಂಜಿಕೆಯಿಂದ ಮನೆಯವರು ಡಾಕ್ಟರರ ಮುಂದೆಯೂ ಅರ್ಧ ಸಂಗತಿಯನ್ನು ನುಂಗುವದುಂಟು. ಅರ್ಧ ಮಾತಿನಿಂದ ಅರ್ಧ ನಿದಾನವಲ್ಲ, ತಪ್ಪು ನಿದಾನವೇ ಹುಟ್ಟುವದು. ಅದರ ಫಲವನ್ನು ಆ ಮಗಳೇ ಉಣ್ಣಬೇಕು. ಸರಿಯಾದ ನಿದಾನವೂ ಚಿಕಿತ್ಸೆಯೂ ದೊರೆತರೆ ಮೂರ್ಛೆರೋಗವುಳ್ಳವರಲ್ಲಿ ನೂರಕ್ಕೆ ೭೦ ಮಂದಿಯಷ್ಟು ಮೂರ್ಛೆಯಿಲ್ಲದೆ ಬಾಳಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯವರು ಹೇಳುತ್ತಾರೆ. ಶಾಲೆ, ಕೆಲಸ, ಸಂಸಾರ ಇವೆಲ್ಲವೂ ಅವರಿಗೆ ಸಾಧ್ಯ. ಅದಕ್ಕೆ ಮೊದಲನೆಯ ಬಾಗಿಲನ್ನು ತೆರೆಯುವವರು ಕಂಡದ್ದನ್ನು ಕಂಡಂತೆ ಹೇಳುವ ನಾವೇ.

ಕೂಡಿ ಓದುವವರಿಗೆ ಪ್ರಶ್ನೆಗಳು

೧. ಇ.ಇ.ಜಿ. ಗೆರೆಗಳು ಸರಿಯಾಗಿದ್ದರೂ ರೋಗವಿಲ್ಲವೆಂದು ಯಾಕೆ ಹೇಳಕೂಡದು?
೨. ತಲೆಸುತ್ತಿ ಬೀಳುವದಕ್ಕೂ ಮನಸ್ಸಿನ ಭಾರದಿಂದ ಬೀಳುವದಕ್ಕೂ ಇರುವ ಗುರುತುಗಳಾವವು?
೩. ಬಿಸಿನೀರಿನ ಮೂರ್ಛೆಯನ್ನು ತಿಳಿಯಲು ಡಾಕ್ಟರರಿಗೆ ಯಾವ ಮಾತು ಬೇಕು?
೪. ವೆಲ್ಲೂರಿನ ವೈದ್ಯರು ಸರಿಪಡಿಸಿದ ತಪ್ಪು ಯಾವದು?
೫. ನಮ್ಮ ಊರಲ್ಲಿ ಈ ರೋಗವನ್ನು ಮರೆಮಾಡಿ ಕಷ್ಟಪಡುವವರಿಗೆ ನಾವು ಹೇಗೆ ನೆರವಾಗಬಹುದು?