ಮೊದಲು ಓದುವವರನ್ನು ಹುಡುಕು

ಸಂವಹನ ಪೇಪರಿನ ಕೊನೆಯ ಪ್ರಾಜೆಕ್ಟ್ ಕೊಡಬೇಕು ಅನ್ನುವುದು ಈಗ ನೆನಪಾಯಿತೇ? ಇರಲಿ, ಬೈಯುವುದಿಲ್ಲ. ನೀನು ಚುರುಕು, ಅದು ನನಗೆ ಗೊತ್ತು. ಚಹಾ ಆರುವುದರೊಳಗೆ ಇಪ್ಪತ್ತು ಸ್ಲೈಡ್ ಮಾಡಿ ಮುಗಿಸುವ ಕೈ ನಿನ್ನದು. ತೊಂದರೆ ಏನೆಂದರೆ, ಆ ಕೈ ಯಾವಾಗಲೂ ತಲೆಗಿಂತ ಮುಂದೆ ಓಡುತ್ತದೆ.

ಬೆಳಗಾವಿಯ ವಿಟಿಯು 2022ರ ಸ್ಕೀಮಿನಲ್ಲಿ ಎಂಜಿನಿಯರಿಂಗ್ ಮಕ್ಕಳಿಗೆ ಮೊದಲ ವರ್ಷವೇ ‘ಪ್ರೊಫೆಷನಲ್ ರೈಟಿಂಗ್ ಸ್ಕಿಲ್ಸ್’ ಅಂತ ಒಂದು ಪೇಪರ್ ಇಟ್ಟಿತು. ಬಿಕಾಂ, ಬಿಬಿಎ ಓದುವವರಿಗೂ ಸಂವಹನದ ಪಾಠ ತಪ್ಪಿದ್ದಲ್ಲ. ಹೆಸರು ಏನೇ ಇರಲಿ, ಕೊನೆಗೆ ಮೇಷ್ಟ್ರು ಕೇಳುವುದು ಹೆಚ್ಚುಕಡಿಮೆ ಇಷ್ಟೇ: ಒಂದು ವಿಷಯ ಹಿಡಿ, ಅದರ ಪ್ರಸ್ತಾವನೆ ಬರೆ, ವರದಿ ಕೊಡು, ಎದ್ದು ನಿಂತು ನಾಲ್ಕು ಮಾತು ಆಡು. ನೀನು ಏನು ಮಾಡುತ್ತೀ? ಮೊದಲು ಬಣ್ಣದ ಮುಖಪುಟ ಮಾಡುತ್ತೀ. ಆಮೇಲೆ ‘ಜಾಗತೀಕರಣದ ಯುಗದಲ್ಲಿ ಸಂವಹನದ ಮಹತ್ವ’ ಅಂತ ತಲೆಬರಹ ಇಡುತ್ತೀ. ಆ ವರದಿ ಯಾರಿಗೆ ಬೇಕು? ಮೇಷ್ಟ್ರಿಗೂ ಬೇಡ, ಅವರು ಅದನ್ನು ಹಿಂದಿನ ವರ್ಷವೂ ಓದಿದ್ದಾರೆ.

ವಿಷಯ ಆಮೇಲೆ. ಮೊದಲು ಅದನ್ನು ಓದುವವರು ಯಾರು, ಅದನ್ನು ನೋಡು. ಆ ಒಬ್ಬ ಮನುಷ್ಯ ಸಿಕ್ಕರೆ ವಿಷಯ, ಉದ್ದ, ಭಾಷೆ, ಗಡುವು ಎಲ್ಲವೂ ತಾವಾಗಿ ಕೂಡಿ ಬರುತ್ತವೆ. ಅವರನ್ನು ಹುಡುಕಿಕೊಂಡು ಬೆಂಗಳೂರಿಗೆ ಹೋಗಬೇಕಿಲ್ಲ. ಮಹಾರಾಷ್ಟ್ರ ಗಡಿಯ ನಮ್ಮ ಶಿರಗುಪ್ಪಿಯ ಚಹಾ ಅಂಗಡಿಗೆ ಬಾ. ಕಬ್ಬಿನ ಹಂಗಾಮಿನ ದಿನಗಳಲ್ಲಿ ಅಲ್ಲಿ ಇರುವುದು ಒಂದೇ ಮಾತು: ‘ಬಿಲ್ಲ ಎಷ್ಟ ಬಂತೋ?’ ಇನ್ನೊಬ್ಬ ಒಂದು ಅಂಕಿ ಹೇಳುತ್ತಾನೆ. ಅದು ಹೇಗೆ ಬಂತು ಅಂತ ಕೇಳು, ಇಬ್ಬರೂ ಕೈ ತಿರುವುತ್ತಾರೆ.

ಇದು ಸಣ್ಣ ವಿಷಯವಲ್ಲ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ನೂರು ಕೆಜಿ ಕಬ್ಬಿಗೆ 10.25 ಕೆಜಿ ಸಕ್ಕರೆ ಬರುವ ರಿಕವರಿಗೆ ಕ್ವಿಂಟಲ್‌ಗೆ 355 ರೂಪಾಯಿ ಕನಿಷ್ಠ ದರ ಅಂತ ಎಫ್‌ಆರ್‌ಪಿ ಇಟ್ಟಿತು. ಅಂದರೆ ಟನ್ನಿಗೆ 3,550. ರಿಕವರಿ 0.1 ಏರಿದಂತೆಲ್ಲ ಕ್ವಿಂಟಲ್‌ಗೆ 3.46 ರೂಪಾಯಿ ಹೆಚ್ಚು. 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3,500 ಬೇಕು ಅಂತ ಹಠ ಹಿಡಿದು ಕೂತರು. ರಾಜ್ಯ ಸರ್ಕಾರ 3,300 ಅಂದ ಮೇಲೆ ಎದ್ದರು. ಈಗ ಹೇಳು, ದಿಲ್ಲಿ 3,550 ಅಂದಮೇಲೆ ರೈತ ಅದಕ್ಕಿಂತ ಕಡಿಮೆ ಕೇಳಿ ಬೀದಿಗೆ ಯಾಕೆ ಕೂತ? ಪೇಟೆಯ ಜಾಣರು ಹಲವರು ಇಲ್ಲೇ ಎಡವಿದರು. ಎಫ್‌ಆರ್‌ಪಿ ಅನ್ನುವುದು ಕಾರ್ಖಾನೆ ಗೇಟಿನ ದರ. ಕಡಿಯುವ ಗ್ಯಾಂಗಿನ ಕೂಲಿ, ಟ್ರ್ಯಾಕ್ಟರಿನ ಬಾಡಿಗೆ ಅದರೊಳಗೇ ಹೋಗಬೇಕು. ರೈತ ಕೇಳಿದ್ದು ಕಟಾವು-ಸಾಗಾಣಿಕೆ ಬಿಟ್ಟು ಕೈಗೆ ಬರುವ ದುಡ್ಡು. ಎರಡೂ ‘ಟನ್ನಿಗೆ ಇಷ್ಟು’ ಅಂತಲೇ ಬರುತ್ತವೆ, ಆದರೆ ಲೆಕ್ಕ ಬೇರೆ ಬೇರೆ. ಈ ಗೊಂದಲವನ್ನು ಒಂದೇ ಹಾಳೆಯಲ್ಲಿ ಬಿಡಿಸಿ ತೋರಿಸಿದರೆ ಅದಕ್ಕಿಂತ ದೊಡ್ಡ ಪ್ರಾಜೆಕ್ಟ್ ನಿನಗೆ ಯಾಕೆ ಬೇಕು?

ಹೀಗೆ ಮಾಡು. ಮನೆಯಲ್ಲಿರುವ ಹಳೆಯ ಬಿಲ್ಲು ಒಂದು ತೆಗೆದುಕೋ, ಹೆಸರು ಮತ್ತು ಖಾತೆ ನಂಬರ್ ಮುಚ್ಚಿ ಝೆರಾಕ್ಸ್ ಮಾಡಿಸು. ಅದನ್ನು ಮೂವರ ಕೈಗೆ ಕೊಡು: ಒಬ್ಬರು ದೊಡ್ಡ ಹಿಡುವಳಿಯವರು, ಒಬ್ಬರು ಎರಡೆಕರೆಯವರು, ಇನ್ನೊಬ್ಬರು ಹೊಲ ನೋಡಿಕೊಳ್ಳುವ ಹೆಣ್ಣುಮಗಳು. ಹೆಣ್ಣುಮಗಳನ್ನು ಬಿಡಬೇಡ. ಗಂಡಸರು ಅಂಗಡಿಯಲ್ಲಿ ದರ ಮಾತಾಡುತ್ತಾರೆ, ದುಡ್ಡು ಯಾವ ಸಾಲಕ್ಕೆ ಎಷ್ಟು ಹೋಯಿತು ಅನ್ನುವುದು ಅವಳಿಗೆ ಗೊತ್ತಿರುತ್ತದೆ. ಕೊಟ್ಟು, ಸುಮ್ಮನೆ ಕೂತು ನೋಡು. ಅವರ ಬೆರಳು ಸಾಲಿನಿಂದ ಸಾಲಿಗೆ ಇಳಿಯುತ್ತದೆ: ತೂಕ, ದರ, ಕಟಾವು, ಸಾಗಾಣಿಕೆ, ಸೊಸೈಟಿ ಸಾಲ. ಒಂದು ಕಡೆ ನಿಲ್ಲುತ್ತದೆ. ಅಲ್ಲೇ ಅವರು ನಿನ್ನ ಮುಖ ನೋಡುತ್ತಾರೆ. ಆ ಸಾಲಿನ ಮೇಲೆ ಗುರುತು ಹಾಕು. ನಿನ್ನ ವರದಿ ಶುರುವಾಗುವುದು ಅಲ್ಲಿಂದ. ಕಬ್ಬು ಕಾರ್ಖಾನೆಗೆ ಹಾಕಿದ 14 ದಿನದೊಳಗೆ ದುಡ್ಡು ಕೊಡಬೇಕು, ತಡವಾದರೆ ವರ್ಷಕ್ಕೆ ನೂರಕ್ಕೆ 15ರಂತೆ ಬಡ್ಡಿ ಅಂತ 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಇದೆ. ಇದು ಎಷ್ಟು ಜನರಿಗೆ ಗೊತ್ತು ಅಂತ ಅದೇ ಮೂವರನ್ನು ಕೇಳು.

ಚಾಟ್‌ಜಿಪಿಟಿಯನ್ನು ಕೇಳಿದರೆ ಮುಗಿಯಿತಲ್ಲ ಅಂತೀಯಾ? ಕೇಳು, ಬೇಡ ಅನ್ನುವುದಿಲ್ಲ. ಇಂಗ್ಲಿಷ್ ತಿದ್ದಿಕೊಡುತ್ತದೆ. ಆದರೆ ಆ ಬೆರಳು ಎಲ್ಲಿ ನಿಂತಿತು ಅನ್ನುವುದು ಅದಕ್ಕೆ ಗೊತ್ತಿಲ್ಲ, ಅಲ್ಲಿ ಕೂತವಳು ನೀನು.

ಕಬ್ಬು ಬೇಡ, ನಿನ್ನ ಮನೆ ನದಿದಂಡೆಗಿದೆ ಅಂದರೆ ಇನ್ನೊಂದು ಹೇಳುತ್ತೇನೆ. 2005, 2019, 2021ರಲ್ಲಿ ಕೃಷ್ಣೆ ಏನು ಮಾಡಿತು ಅಂತ ದಂಡೆಯ ಜುಗೂಳ, ಮಂಗಾವತಿಯವರನ್ನು ಕೇಳು. ಪ್ರತಿ ಮಳೆಗಾಲ ರಾಜಾಪುರ ಬ್ಯಾರೇಜಿನಿಂದ ಇಷ್ಟು ಕ್ಯೂಸೆಕ್, ದೂಧಗಂಗೆಯಿಂದ ಇಷ್ಟು ಅಂತ ಸುದ್ದಿ ಬರುತ್ತದೆ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಸರಿ, ಅದನ್ನು ತಿಳಿದು ಆ ಊರಿನ ಮುದುಕಿ ಏನು ಮಾಡಬೇಕು? ಅವಳು ಕೇಳುವುದು ‘ನಮ್ಮ ಓಣಿ ತನಕ ಬರತೈತೇನ?’ ಅಂತ. ಎಷ್ಟು ನೀರು ಬಂದಾಗ ಕುಡಚಿ ಸೇತುವೆ ಮುಳುಗುತ್ತದೆ, ಎಷ್ಟಕ್ಕೆ ಯಾವ ದಾರಿ ಬಂದ್ ಆಗುತ್ತದೆ, ಯಾವಾಗ ದನ ಬಿಚ್ಚಿಕೊಂಡು ಹೊರಡಬೇಕು ಅನ್ನುವುದನ್ನು ಹಿಂದಿನ ನೆರೆಗಳಿಂದ ಕೂಡಿಸಿ ಒಂದು ಪಟ್ಟಿ ಮಾಡಿದರೆ ಪಂಚಾಯಿತಿ ಗೋಡೆಗೆ ಅಂಟಿಸಬಹುದು.

ಇನ್ನು ದಿನದ ಲೆಕ್ಕ. ನೀನು ಇವತ್ತಿನಿಂದ ಮುಂದಕ್ಕೆ ಎಣಿಸುವ ಪೈಕಿ, ‘ಇನ್ನೂ ಟೈಮ್ ಐತಿ’ ಅನ್ನುವವಳು. ಗಡುವಿನಿಂದ ಹಿಂದಕ್ಕೆ ಎಣಿಸು. ಸ್ಪೈರಲ್ ಬೈಂಡಿಂಗ್ ಅಂಗಡಿಯವನಿಗೆ ಒಂದು ದಿನ ಬಿಡು, ಅವನ ಮಷಿನ್ ನಿನ್ನ ಗಡುವಿನ ದಿನವೇ ಕೆಡುತ್ತದೆ. ತಿದ್ದಲು ಒಂದು ವಾರ ಇಡು. ಮಾಹಿತಿ ಹಕ್ಕಿನಲ್ಲಿ ಏನಾದರೂ ಕೇಳುವುದಿದ್ದರೆ ಉತ್ತರಕ್ಕೆ 30 ದಿನ ಅಂತ ಕಾನೂನೇ ಹೇಳುತ್ತದೆ, ಅದಕ್ಕೆ ಅರ್ಜಿ ಮೊದಲ ವಾರವೇ ಹೋಗಬೇಕು. ಹತ್ತು ರೂಪಾಯಿ ಶುಲ್ಕ. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿಗೆ ಒಂದೇ ವಿಷಯ, ಸುಮಾರು 150 ಪದದ ಮಿತಿ. ಅರ್ಜಿದಾರರು ಇದಕ್ಕೆ ಗೊಣಗುತ್ತಾರೆ. ನಿನಗೆ ಮಾತ್ರ ಅದು ಒಳ್ಳೆಯ ಅಭ್ಯಾಸ. ಕೇಳಬೇಕಾದ್ದನ್ನು 150 ಪದದಲ್ಲಿ ಕೇಳಲು ಬಾರದಿದ್ದರೆ ಏನು ಕೇಳಬೇಕು ಅಂತ ನಿನಗೇ ಇನ್ನೂ ಗೊತ್ತಾಗಿಲ್ಲ.

ಮತ್ತೆ, ಕಬ್ಬಿನ ಹಂಗಾಮು ಮಾರ್ಚ್ ಹೊತ್ತಿಗೆ ಮುಗಿಯುತ್ತದೆ. ಗ್ಯಾಂಗಿನವರು ಗುಡಿಸಲು ಬಿಚ್ಚಿಕೊಂಡು ಊರಿಗೆ ಹೋಗುತ್ತಾರೆ. ಏಪ್ರಿಲ್‌ನಲ್ಲಿ ‘ಸಂದರ್ಶನ ಬೇಕು’ ಅಂತ ಹೋದರೆ ಖಾಲಿ ಹೊಲ ಸಿಗುತ್ತದೆ. ಯಾರನ್ನು ನೋಡಬೇಕೋ ಅವರ ಕ್ಯಾಲೆಂಡರ್ ಮೊದಲು, ಕಾಲೇಜಿನದು ಆಮೇಲೆ.

ಗುಂಪಿನ ಮಾತು ಬೇರೆ. ನಾಲ್ವರ ಹೆಸರು, ಒಬ್ಬರ ದುಡಿಮೆ, ಇದು ಎಲ್ಲ ಕಾಲೇಜಿನ ಕಥೆ. ಯಾರು ಏನು ಮಾಡಬೇಕು, ಎಂದಿಗೆ ಮಾಡಬೇಕು ಅನ್ನುವುದನ್ನು ಮೊದಲ ದಿನವೇ ವಾಟ್ಸಾಪಿನಲ್ಲಿ ಬರೆದು ಹಾಕು. ಗೆಳೆತನ ಕೆಡುತ್ತದೆ ಅಂತ ಹಿಂಜರಿಯಬೇಡ. ಬರೆದಿಡದಿದ್ದರೇ ಕೆಡುವುದು.

ಭಾಷೆಯ ಬಗ್ಗೆ ಒಂದು ಮಾತು. ವರದಿ ಇಂಗ್ಲಿಷಿನಲ್ಲಿ ಬೇಕು ಅಂತಾರೆ, ಕೊಡು. ಆದರೆ ನಿನಗೆ ಉತ್ತರ ಕೊಟ್ಟವರು ಕನ್ನಡದಲ್ಲಿ ಮಾತಾಡಿದರು, ಅರ್ಧ ಮಾತು ಮರಾಠಿಯಲ್ಲೂ ಬಂತು, ನಮ್ಮ ಗಡಿ ಹಾಗೇ. ಕೊನೆಗೆ ಒಂದು ಹಾಳೆ ಕನ್ನಡದಲ್ಲಿ ಸೇರಿಸು, ಸಾಧ್ಯವಾದರೆ ಅದರ ಬೆನ್ನಿಗೆ ಮರಾಠಿಯಲ್ಲೂ. ಅಲ್ಲಿ ‘ರಿಕವರಿ’ ಬೇಕಿದ್ದರೆ ರಿಕವರಿ ಅಂತಲೇ ಬರೆ, ‘ಸಕ್ಕರೆ ಇಳುವರಿ ಪ್ರಮಾಣ’ ಅಂತ ಪಂಡಿತಿಕೆ ತೋರಿಸಬೇಡ. ಚಹಾ ಅಂಗಡಿಯಲ್ಲಿ ಕೂತವರೆಲ್ಲ ದಿನವೂ ಆಡುವ ಮಾತು ಅದು.

ಹಾಳೆ ಮುಗಿದ ಮೇಲೆ ಮೇಷ್ಟ್ರಿಗೆ ಕೊಡುವ ಮೊದಲು ಅದೇ ಮೂವರ ಕೈಗೆ ಮತ್ತೆ ಕೊಡು. ಬೆರಳು ಮತ್ತೆ ಅಲ್ಲೇ ನಿಂತರೆ ಬೇಜಾರಾಗಬೇಡ, ಇನ್ನೊಮ್ಮೆ ಬರೆ. ಅಕ್ಷರ ಮಾತ್ರ ದೊಡ್ಡದಿರಲಿ ಮಗಳೇ, ಆ ಮೂವರಲ್ಲಿ ಇಬ್ಬರಿಗೆ ಚಷ್ಮಾ ಇಲ್ಲ.