ಹೆರಿಗೆಯ ನಂತರ ರಕ್ತಸ್ರಾವ: ಕಣ್ಣಳತೆ ನಂಬಬೇಡಿ

ಹೆರಿಗೆ ಎಂದ ಮೇಲೆ ರಕ್ತ ಹೋಗುವುದು ಸಹಜ ಎಂಬ ಮಾತನ್ನು ನೀವು ಮನೆಯ ಹಿರಿಯರಿಂದ ಕೇಳಿರಬಹುದು. ಮಾತು ಸುಳ್ಳಲ್ಲ. ಆದರೆ ಎಷ್ಟು ಹೋದರೆ ಸಹಜ, ಎಷ್ಟು ಹೋದರೆ ಅಪಾಯ ಎಂಬುದು ತಿಳಿಯದಿದ್ದರೆ ಇದೇ ಮಾತು ತಾಯಿಯ ಪ್ರಾಣಕ್ಕೆ ಎರವಾದೀತು.

ಮಗು ಮತ್ತು ಮಾಸು ಹೊರಬಂದ ಕೂಡಲೇ ಗರ್ಭಕೋಶ ಗಟ್ಟಿಯಾಗಿ ಕುಗ್ಗಬೇಕು. ಆಗ ಮಾಸು ಅಂಟಿದ್ದ ಜಾಗದ ರಕ್ತನಾಳಗಳು ಮುಚ್ಚಿಕೊಳ್ಳುತ್ತವೆ. ಗರ್ಭಕೋಶ ಸಡಿಲವಾಗಿಯೇ ಉಳಿದರೆ ರಕ್ತ ಹರಿಯುತ್ತಲೇ ಇರುತ್ತದೆ. ಸಹಜ ಹೆರಿಗೆಯಾದ 24 ಗಂಟೆಗಳಲ್ಲಿ ಅರ್ಧ ಲೀಟರ್ ಅಥವಾ ಅದಕ್ಕಿಂತ ಹೆಚ್ಚು ರಕ್ತ ಹೋದರೆ ವೈದ್ಯರು ಅದನ್ನು ಪ್ರಸವೋತ್ತರ ರಕ್ತಸ್ರಾವ ಎನ್ನುತ್ತಾರೆ.

ನಮ್ಮ ಜಿಲ್ಲೆಯಲ್ಲೇ ನಡೆದ ಸಂಶೋಧನೆ

ಈ ವಿಷಯದಲ್ಲಿ ಜಗತ್ತಿಗೆ ಪಾಠ ಹೇಳಿದ ಸಂಶೋಧನೆಯೊಂದು ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲೇ ನಡೆಯಿತು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಮಹಾವಿದ್ಯಾಲಯದ ತಜ್ಞರು ಅಮೆರಿಕದ ವಿಶ್ವವಿದ್ಯಾಲಯಗಳ ತಜ್ಞರೊಡನೆ 2002ರಿಂದ 2005ರವರೆಗೆ 1,620 ತಾಯಂದಿರನ್ನು ಅಭ್ಯಸಿಸಿದರು. ಹೆರಿಗೆ ಮಾಡಿಸಿದವರು ಆರೋಗ್ಯ ಸಹಾಯಕಿಯರು, ಅಂದರೆ ನಮ್ಮ ಊರಿನ ನರ್ಸಬಾಯಿಯವರು. ಅರ್ಧದಷ್ಟು ತಾಯಂದಿರಿಗೆ ಮಿಸೊಪ್ರೊಸ್ಟಾಲ್ ಗುಳಿಗೆ, ಉಳಿದವರಿಗೆ ಔಷಧವಿಲ್ಲದ ಗುಳಿಗೆ ಕೊಡಲಾಯಿತು. ಔಷಧವಿಲ್ಲದ ಗುಂಪಿನಲ್ಲಿ ನೂರಕ್ಕೆ 12 ಮಂದಿಗೆ ಅತಿಯಾದ ರಕ್ತಸ್ರಾವವಾದರೆ, ಔಷಧ ಪಡೆದವರಲ್ಲಿ ಅದು 6.4ಕ್ಕೆ ಇಳಿಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಉದ್ದೇಶಕ್ಕಾಗಿ ಈ ಗುಳಿಗೆಯನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಒಂದು ಎಚ್ಚರಿಕೆ: ಈ ಗುಳಿಗೆಯನ್ನು ಅಂಗಡಿಯಿಂದ ತಂದು ನೀವಾಗಿಯೇ ಕೊಡಬಾರದು. ಮಗು ಹುಟ್ಟುವ ಮೊದಲು ಕೊಟ್ಟರೆ ಗರ್ಭಕೋಶವೇ ಹರಿಯಬಹುದು.

ಕಣ್ಣು ಹೇಳುವುದು ಕಡಿಮೆ

ಈ ತಜ್ಞರು ಇನ್ನೊಂದು ಸಂಗತಿಯನ್ನೂ ಪರೀಕ್ಷಿಸಿದರು. ತಾಯಿಯ ಕೆಳಗೆ ಅಳತೆಯ ಗೆರೆಗಳಿದ್ದ ಪ್ಲಾಸ್ಟಿಕ್ ಚೀಲದ ಹಾಳೆ ಹಾಸಿ ರಕ್ತವನ್ನು ಅಳೆದರು. ಕಣ್ಣಂದಾಜು ಈ ಅಳತೆಗಿಂತ ಶೇಕಡಾ 33ರಷ್ಟು ಕಡಿಮೆ ಎಂದು ಕಂಡುಬಂತು. ಆಸ್ಪತ್ರೆಯ ಕಣ್ಣಂದಾಜೇ ಹೀಗಿದ್ದರೆ, ಸೀರೆಗೆ, ಕೌದಿಗೆ ಇಂಗಿದ ರಕ್ತವನ್ನು ಮನೆಯವರು ಅಂದಾಜು ಮಾಡುವುದು ಹೇಗೆ?

ಆದ್ದರಿಂದ ಈ ಗುರುತುಗಳನ್ನು ನೆನಪಿಡಿ:

* ಒಂದು ಗಂಟೆಯೊಳಗೆ ಪ್ಯಾಡ್ ಅಥವಾ ಬಟ್ಟೆ ಪೂರ್ತಿ ತೋಯುವುದು
* ನಿಂಬೆಹಣ್ಣಿನಷ್ಟು ದೊಡ್ಡ ಗಡ್ಡೆ ಬೀಳುವುದು
* ತಲೆಸುತ್ತು, ತಣ್ಣನೆಯ ಬೆವರು, ಮುಖ ಬಿಳಿಚುವುದು
* ನಾಡಿ ವೇಗವಾಗುವುದು, ಮಾತು ತಡವರಿಸುವುದು

ಇವುಗಳಲ್ಲಿ ಒಂದು ಕಂಡರೂ ಕಾಯಬೇಡಿ. ಆಸ್ಪತ್ರೆಯಲ್ಲಿದ್ದರೆ ತಕ್ಷಣ ನರ್ಸನ್ನು ಕರೆಯಿರಿ. ಮನೆಯಲ್ಲಿದ್ದರೆ 108ಕ್ಕೆ ಫೋನ್ ಮಾಡಿ. ವಾಹನ ಬರುವವರೆಗೆ ಬಾಣಂತಿಯನ್ನು ಮಲಗಿಸಿ, ಬೆಚ್ಚಗೆ ಹೊದಿಸಿ. ಮಗುವಿಗೆ ಮೊಲೆಯೂಡಿಸಿದರೆ ಗರ್ಭಕೋಶ ಕುಗ್ಗಲು ನೆರವಾಗುತ್ತದೆ. ಆಸ್ಪತ್ರೆಯಿಂದ ಬಂದ ಮೇಲೂ ಕೆಲವು ವಾರಗಳವರೆಗೆ ಹೀಗಾಗುವ ಸಂಭವವಿದೆ ಎಂಬುದನ್ನು ತವರಿನವರೂ ತಿಳಿದಿರಬೇಕು.

ಮೊದಲೇ ಸಿದ್ಧತೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ಅನೇಕ ಕುಟುಂಬಗಳು ಊರಿನಿಂದ ದೂರ, ಕಬ್ಬಿನ ನಡುವಿನ ತೋಟದ ಮನೆಗಳಲ್ಲಿ ವಾಸಿಸುತ್ತವೆ. ಮಳೆಗಾಲದಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ತುಂಬಿದರೆ ತಗ್ಗಿನ ಸೇತುವೆಗಳು ಮುಳುಗುತ್ತವೆ. ಇಂಥ ಕಡೆ ದಿನ ತುಂಬಿದ ಬಸುರಿಯನ್ನು ನೋವು ಬರುವ ಮೊದಲೇ ಆಸ್ಪತ್ರೆಗೆ ಹತ್ತಿರದ ನೆಂಟರ ಮನೆಗೆ ಕರೆತನ್ನಿ. ಬಾಯಾರಿದಾಗ ಬಾವಿ ತೋಡಬೇಡಿ.

ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್ ಎಷ್ಟು ಬರೆದಿದೆ ಎಂದು ಇಂದೇ ನೋಡಿ. ಬಸುರಿಯಲ್ಲಿ ಅದು 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಎಂದರ್ಥ. ಅಂಥವರಿಗೆ ಸ್ವಲ್ಪ ರಕ್ತ ಹೋದರೂ ತಡೆಯುವ ಶಕ್ತಿ ಇರುವುದಿಲ್ಲ. ಕಬ್ಬಿಣಾಂಶದ ಗುಳಿಗೆ ತಪ್ಪಿಸಬೇಡಿ. ಅದನ್ನು ಚಹಾದ ಜೊತೆ ನುಂಗದೆ ನಿಂಬೆ ಪಾನಕದೊಡನೆ ತೆಗೆದುಕೊಳ್ಳಲಿ.

ವಿಶ್ವವಿದ್ಯಾಲಯದ ಅರಿವು ಫಲ ಕೊಡುವುದು ಅದು ಬಾಣಂತಿಯ ಪಕ್ಕದಲ್ಲಿ ಕುಳಿತವರಿಗೆ ಮುಟ್ಟಿದಾಗ. ಈ ಬರಹವನ್ನು ಓದು ಬಾರದ ಅತ್ತೆ, ಅಜ್ಜಿಯರಿಗೆ ಓದಿ ಹೇಳಿ. ಅವರ ಮನೆಮಾತು ಮರಾಠಿಯಾಗಿದ್ದರೆ ಮರಾಠಿಯಲ್ಲೇ ಹೇಳಿ.